ಸೀಳಿದ ಸರೋವರ, ದುರಸ್ತಿಗೊಂಡ ಕೆರೆ

(ಮಂಚೇನಹಳ್ಳಿಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಬರುವ ಆಲೂಗಡ್ಡೆಯ ಮೂಟೆಯನ್ನೂ ಗೌರಿಬಿದನೂರು ಸೀಮೆಯ ಹೊಲಗಳಲ್ಲಿ ತೆನೆ ತೂಗುವ ಮೆಕ್ಕೆಜೋಳವನ್ನೂ ನೋಡಿದವರಿಗೆ ಅವು ಪರದೇಶದ ಬೆಳೆಗಳೆಂಬ ಭಾವನೆಯೇ ಬರುವುದಿಲ್ಲ. ಆದರೆ ಐನೂರು ವರ್ಷಗಳ ಹಿಂದೆ ಭಾರತದ ಯಾವ ರೈತನೂ ಇವೆರಡನ್ನು ಕಂಡಿರಲಿಲ್ಲ. ಎರಡೂ ಅಮೆರಿಕ ಖಂಡದ ಮೂಲನಿವಾಸಿ ರೈತರು ಸಾವಿರಾರು ವರ್ಷ ಆರಿಸಿ, ಬಿತ್ತಿ, ಬೆಳೆಸಿ ಲೋಕಕ್ಕೆ ಕೊಟ್ಟ ಬೆಳೆಗಳು. ಆ ರೈತರಿಗೆ ಲೋಕವು ಮರಳಿ ಏನನ್ನು ಕೊಟ್ಟಿತೆಂಬುದನ್ನು ತಿಳಿಯಲು ಒಂದು ಬೆಟ್ಟದ ನಾಡಿಗೆ ಹೋಗಬೇಕು.

ಈಗ ಕೊಲಂಬಿಯಾ ಎಂದು ಕರೆಯುವ ದೇಶದಲ್ಲಿ, ಆಂಡೀಸ್ ಪರ್ವತಗಳ ಮೇಲಿನ ಎತ್ತರದ ಬಯಲಿನಲ್ಲಿ ಮುಯಿಸ್ಕಾ ಎಂಬ ಜನರಿದ್ದರು. ಅವರು ಮೆಕ್ಕೆಜೋಳ, ಆಲೂಗಡ್ಡೆ ಬೆಳೆಯುತ್ತಿದ್ದರು. ಉಪ್ಪುನೀರಿನ ಬುಗ್ಗೆಗಳ ನೀರನ್ನು ಕಾಯಿಸಿ ಉಪ್ಪಿನ ಹೆಂಟೆ ಮಾಡುತ್ತಿದ್ದರು. ಹತ್ತಿಯ ಬಟ್ಟೆ ನೇಯುತ್ತಿದ್ದರು. ಜೌಗು ನೆಲದಲ್ಲಿ ಮಣ್ಣನ್ನು ಎತ್ತರಿಸಿ ಏರುಮಡಿ ಮಾಡಿ, ನಡುವೆ ಕಾಲುವೆ ಬಿಟ್ಟು ಬೇಸಾಯ ಮಾಡುವ ಪದ್ಧತಿ ಅಲ್ಲಿತ್ತು. ಮಳೆ ಹೆಚ್ಚಾದಾಗ ನೀರು ಕಾಲುವೆಗೆ ಇಳಿಯುತ್ತಿತ್ತು. ಮಳೆ ಕಡಿಮೆಯಾದಾಗ ಅದೇ ಕಾಲುವೆ ಬೇರಿಗೆ ತೇವ ಒದಗಿಸುತ್ತಿತ್ತು. ಚಳಿಯ ರಾತ್ರಿಗಳಲ್ಲಿ ಹಗಲಿನ ಬಿಸಿಯನ್ನು ಹಿಡಿದಿಟ್ಟ ನೀರು ಪೈರನ್ನು ಇಬ್ಬನಿಯ ಹೆಪ್ಪಿನಿಂದ ಕಾಪಾಡುತ್ತಿತ್ತು.

ಈ ನಾಡಿಗೆ ಸ್ಪೇನ್ ದೇಶದ ಗೊನ್ಸಾಲೊ ಹಿಮೆನೆಸ್ ದೆ ಕೆಸಾದಾ ಎಂಬುವನು ದಂಡೆತ್ತಿ ಬಂದನು. ಅವನು ಸೈನಿಕನಲ್ಲ, ನ್ಯಾಯಶಾಸ್ತ್ರ ಓದಿದ ವಕೀಲ. 1536ರ ಏಪ್ರಿಲ್‌ನಲ್ಲಿ ಕಡಲತೀರದ ಸಾಂತಾ ಮಾರ್ತಾದಿಂದ ಸುಮಾರು 800 ಜನರೊಡನೆ ಹೊರಟನು. ಕಾಡು, ಜ್ವರ, ಹಸಿವೆಗಳಿಗೆ ತುತ್ತಾಗಿ, 1537ರಲ್ಲಿ ಎತ್ತರದ ಬಯಲನ್ನು ತಲುಪುವ ಹೊತ್ತಿಗೆ ಉಳಿದವರು 170ರಷ್ಟು ಮಂದಿ ಮಾತ್ರ. ದಾರಿ ತೋರಿಸಿದ್ದು ಉಪ್ಪು. ನದಿಯ ದಂಡೆಯ ಹಳ್ಳಿಗಳಲ್ಲಿ ಕಡಲಿನ ಉಪ್ಪಿಗಿಂತ ಭಿನ್ನವಾದ ಉಪ್ಪಿನ ಹೆಂಟೆಗಳನ್ನು ಕಂಡು, ಮೇಲೆ ಸಂಪನ್ನ ಜನರಿದ್ದಾರೆಂದು ಊಹಿಸಿ ಅದರ ಜಾಡು ಹಿಡಿದು ಹತ್ತಿದರು. ಅದೇ ವರ್ಷ ಒಂದು ಹಳ್ಳಿಯ ಮನೆಗಳಲ್ಲಿ ಅವರು ಆಲೂಗಡ್ಡೆಯನ್ನು ಕಂಡರು. ಯೂರೋಪಿನವರು ಆಲೂಗಡ್ಡೆಯನ್ನು ಕಂಡ ಬಗ್ಗೆ ಇರುವ ಅತಿ ಹಳೆಯ ವೃತ್ತಾಂತಗಳಲ್ಲಿ ಇದೊಂದು. ಆದರೆ ಅವರು ಬಂದದ್ದು ಗಡ್ಡೆಗಾಗಿ ಅಲ್ಲ, ಚಿನ್ನಕ್ಕಾಗಿ. ಮುಯಿಸ್ಕಾ ಅರಸ ತಿಸ್ಕೆಸುಸಾ ಕೊಲೆಯಾದನು. ಅವನ ನಂತರ ಬಂದ ಸಗಿಪಾ, ಚಿನ್ನ ಅಡಗಿಸಿಟ್ಟಿದ್ದಾನೆಂಬ ಆರೋಪದ ಮೇಲೆ ಚಿತ್ರಹಿಂಸೆಗೆ ಗುರಿಯಾಗಿ ಸತ್ತನು. 1538ರಲ್ಲಿ ಆ ನೆಲದ ಮೇಲೆ ಬೊಗೊಟಾ ನಗರದ ಸ್ಥಾಪನೆಯಾಯಿತು.

ಆ ನಾಡಿನಲ್ಲಿ ಗ್ವಾತವಿತಾ ಎಂಬ ಸರೋವರವಿದೆ. ಬೆಟ್ಟದ ಬಟ್ಟಲಿನಲ್ಲಿ ನಿಂತ ಈ ನೀರು ಮುಯಿಸ್ಕಾ ಜನರಿಗೆ ಪವಿತ್ರ. ಅವರು ಅದಕ್ಕೆ ಚಿನ್ನದ ಕಾಣಿಕೆ ಅರ್ಪಿಸುತ್ತಿದ್ದರು. ಈ ಸುದ್ದಿಯೇ ಅದಕ್ಕೆ ಮುಳುವಾಯಿತು. 1540ರ ದಶಕದಲ್ಲಿ ಸ್ಪೇನಿನವರು ಆಳುಗಳನ್ನು ಸಾಲಾಗಿ ನಿಲ್ಲಿಸಿ ಸೋರೆಬುರುಡೆಗಳಿಂದ ನೀರು ಮೊಗೆಸಿದರು. 1580ರ ಸುಮಾರಿಗೆ ಸೆಪುಲ್ವೆದಾ ಎಂಬ ವ್ಯಾಪಾರಿ ಸರೋವರದ ಅಂಚನ್ನೇ ಸೀಳಿ ನೀರು ಹರಿಯಬಿಟ್ಟನು. ಆ ಸೀಳು ಇಂದಿಗೂ ಬೆಟ್ಟದ ಮೇಲೆ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಬ್ರಿಟಿಷ್ ಕಂಪನಿ ಸುರಂಗ ಕೊರೆದು ಅದನ್ನು ಬಹುಮಟ್ಟಿಗೆ ಬರಿದು ಮಾಡಿತು. ತಳದ ಕೆಸರು ಬಿಸಿಲಿಗೆ ಕಲ್ಲಾಗಿ ಹೆಚ್ಚೇನೂ ದಕ್ಕಲಿಲ್ಲ. ಕೊನೆಗೆ 1965ರಲ್ಲಿ ಕೊಲಂಬಿಯಾ ಸರ್ಕಾರ ಸರೋವರಕ್ಕೆ ರಕ್ಷಣೆ ಕೊಟ್ಟಿತು. ಅಷ್ಟರಲ್ಲಿ ಮುಯಿಸ್ಕಾ ಭಾಷೆಯನ್ನು ಮಾತಾಡುವವರೇ ಇಲ್ಲವಾಗಿ ಸುಮಾರು ಎರಡು ಶತಮಾನಗಳಾಗಿದ್ದವು. ಕೆಸಾದಾ 1579ರಲ್ಲಿ, ಸಾಲದ ಹೊರೆ ಹೊತ್ತೇ ಸತ್ತನು.

ಇದು ದೂರದ ಕತೆ. ಗೆದ್ದವರ ಪೈಕಿ ಎಲ್ಲರೂ ಹೀಗೆ ನೀರನ್ನು ಸೀಳಿದರೇ? ಕೆರೆ ಕಟ್ಟಿದವನು, ಜನರೊಡನೆ ಬಾಳಿದವನು, ಅವರ ಭಾಷೆ ಕಲಿತವನು ಒಬ್ಬನಾದರೂ ಇರಲಿಲ್ಲವೇ? ವಿದ್ಯಾರ್ಥಿಗಳ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ಕರ್ನಾಟಕದಲ್ಲೇ ಇದೆ.

ಮಂಚೇನಹಳ್ಳಿಯವರಿಗೆ ದಂಡೆತ್ತಿ ಬಂದವರ ನೆನಪು ಹೊಸದಲ್ಲ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯವು ನಂದಿದುರ್ಗವನ್ನು ಟಿಪ್ಪುವಿನ ಕಾವಲಿನಿಂದ ಕಿತ್ತುಕೊಂಡಿತು. ಆದರೆ ಆ ಸೈನ್ಯ ಬಂದು ಹೋಯಿತು. ಗೆದ್ದವರ ಕಡೆಯಿಂದ ಬಂದು, ಸೋತವರ ನಡುವೆ ಹನ್ನೆರಡು ವರ್ಷ ಬಾಳಿದವನನ್ನು ನೋಡಬೇಕಾದರೆ ಇನ್ನಷ್ಟು ಉತ್ತರಕ್ಕೆ, ಈಗಿನ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋಗಬೇಕು. ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್.

ಸುರಪುರ ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಬಂಡೆಗುಡ್ಡಗಳ ನಾಡು. ಅಲ್ಲಿ ಬೇಡ ನಾಯಕರ ಸಂಸ್ಥಾನವಿತ್ತು. 1705ರಲ್ಲಿ ಮೊಗಲ್ ಬಾದಶಹ ಔರಂಗಜೇಬನು ತನ್ನ ಮುಪ್ಪಿನಲ್ಲಿ ಸ್ವತಃ ಬಂದು ಮುತ್ತಿಗೆ ಹಾಕಿದ ವಾಗಿನಗೇರಾ ಕೋಟೆ ಇದೇ ನಾಯಕರದು. ಕೋಟೆ ಹೋಯಿತು, ಜನ ಬಗ್ಗಲಿಲ್ಲ. ಸಮೀಪದ ಗುಡ್ಡಗಳ ಮಡಿಲಿನಲ್ಲಿ ಸುರಪುರ ರಾಜಧಾನಿಯಾಗಿ ಬೆಳೆಯಿತು. ಚಿನ್ನದ ರೇಕು ಬಳಸಿದ ಕಿರುಚಿತ್ರಗಳ ಕಲಾಪರಂಪರೆಯೊಂದು ಆ ಅರಮನೆಯ ಆಶ್ರಯದಲ್ಲಿ ಅರಳಿತು. ಹತ್ತೊಂಬತ್ತನೆಯ ಶತಮಾನದ ವೇಳೆಗೆ ಸಂಸ್ಥಾನವು ಹೈದರಾಬಾದಿನ ನಿಜಾಮನಿಗೆ ಕಪ್ಪ ಕೊಡುತ್ತಿತ್ತು; ನಿಜಾಮನ ಬೆನ್ನ ಹಿಂದೆ ಈಸ್ಟ್ ಇಂಡಿಯಾ ಕಂಪನಿ ನಿಂತಿತ್ತು. ಬಾಕಿ ಬಿದ್ದ ಕಪ್ಪ, ಹೊಸ ರಾಜ ಪಟ್ಟವೇರಿದಾಗ ಕೊಡಬೇಕಾದ ನಜರಾಣೆ, ಸಾಹುಕಾರರ ಸಾಲ, ಇವೆಲ್ಲ ಸೇರಿ ಸಂಸ್ಥಾನದ ಕತ್ತು ಹಿಸುಕುತ್ತಿದ್ದವು.

ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. ಹದಿನೈದರ ಹರೆಯದಲ್ಲಿ, 1824ರಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಬಂದನು. ಆ ವ್ಯಾಪಾರ ಆಗಲೇ ಮುಳುಗುತ್ತಿತ್ತು. ಪರಿಚಿತರ ನೆರವಿನಿಂದ ಅದೇ ವರ್ಷ ನಿಜಾಮನ ಸೈನ್ಯದಲ್ಲಿ ಅಧಿಕಾರಿಯಾದನು. ಶಾಲೆಯ ಓದು ಅರ್ಧಕ್ಕೇ ನಿಂತಿದ್ದರೂ ಭಾರತದ ಭಾಷೆಗಳು, ಭೂಮಾಪನ, ಕಟ್ಟಡ ವಿದ್ಯೆ, ಭೂವಿಜ್ಞಾನ, ಚಿತ್ರಕಲೆಗಳನ್ನು ಸ್ವಂತ ಶ್ರಮದಿಂದ ಕಲಿತನು. 1839ರಲ್ಲಿ ಪ್ರಕಟವಾದ, ಠಕ್ಕನೊಬ್ಬನ ಆತ್ಮನಿವೇದನೆಯ ರೂಪದ ಕಾದಂಬರಿ ಅವನಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದಿತು. ರಜೆ ಮುಗಿಸಿ ಮರಳಿದ ಅವನನ್ನು 1841ರಲ್ಲಿ ಸುರಪುರಕ್ಕೆ ನೇಮಿಸಲಾಯಿತು. ಆಗ ಅವನಿಗೆ 33 ವರ್ಷ.

ಆ ವರ್ಷವೇ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದನು. ಮಗ ವೆಂಕಟಪ್ಪ ನಾಯಕ ಇನ್ನೂ ಎಳೆಯ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕ ಇನ್ನೊಂದು ಕಡೆ, ನಡುವೆ ಬಾಕಿ ಕೇಳುವ ನಿಜಾಮನ ಸರ್ಕಾರ, ಗುಡ್ಡದ ತುಂಬ ಆಯುಧ ಹಿಡಿದ ಬೇಡರ ಪಡೆ. ಟೇಲರನು ದೊಡ್ಡ ಯುದ್ಧವಿಲ್ಲದೆ ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡನು. ಲೆಕ್ಕಪತ್ರಗಳನ್ನು ಸರಿಪಡಿಸಿದನು, ಕಂದಾಯದ ಕ್ರಮವನ್ನು ಗೊತ್ತುಮಾಡಿದನು, ಬಾಲರಾಜನ ಶಿಕ್ಷಣದ ಹೊಣೆ ಹೊತ್ತನು. ಹುಡುಗ ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ.

ಪರಿಸರದ ದೃಷ್ಟಿಯಿಂದ ಅವನ ಕೆಲಸಗಳಲ್ಲಿ ಮುಖ್ಯವಾದದ್ದು ಬೋನಾಳ ಕೆರೆ. ಸುರಪುರದ ಸಮೀಪದ ಈ ದೊಡ್ಡ ಕೆರೆಯನ್ನು ನಾಯಕ ಅರಸು ಪಾಮನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ಟೇಲರನು 1840ರ ದಶಕದಲ್ಲಿ ಅದನ್ನು ದುರಸ್ತಿ ಮಾಡಿಸಿ ಅಭಿವೃದ್ಧಿಪಡಿಸಿದನು. ಇದರ ಅರ್ಥವನ್ನು ಕೆರೆಯ ಏರಿಯ ಮೇಲೆ ನಡೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ಕೆರೆ ಕಟ್ಟಿದವನಿಗೆ ಶಾಸನ ಸಿಕ್ಕುತ್ತದೆ, ಹಳೆಯ ಕೆರೆ ರಿಪೇರಿ ಮಾಡಿದವನಿಗೆ ಸಾಮಾನ್ಯವಾಗಿ ಏನೂ ಸಿಕ್ಕುವುದಿಲ್ಲ. ಆದರೆ ಕೆರೆ ಬದುಕುವುದು ದುರಸ್ತಿಯಿಂದ. ಕೋಡಿ ತಗ್ಗಿದರೆ ನೀರು ನಿಲ್ಲದು, ಕೋಡಿ ಮುಚ್ಚಿದರೆ ಏರಿ ಒಡೆಯುವುದು. ತೂಬು ಸೋರಿದರೆ ಅಚ್ಚುಕಟ್ಟು ಜೌಗಾಗುವುದು. ಹೂಳು ತೆಗೆಯದಿದ್ದರೆ ಒಂದೆರಡು ತಲೆಮಾರಿನಲ್ಲಿ ಕೆರೆಯ ಅಂಗಳವೇ ಹೊಲವಾಗುವುದು. ಹೊರಗಿನಿಂದ ಬಂದ ಅಧಿಕಾರಿಯೊಬ್ಬನು ಅರಮನೆಯ ತಿಜೋರಿಯನ್ನಷ್ಟೇ ನೋಡದೆ ಕೆರೆಯ ಏರಿಯನ್ನೂ ನೋಡಿದ್ದು ಸಣ್ಣ ಸಂಗತಿಯಲ್ಲ. ಆ ಬೋನಾಳ ಕೆರೆ ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ.

ಟೇಲರನ ಆಸಕ್ತಿ ಇಷ್ಟಕ್ಕೇ ನಿಲ್ಲಲಿಲ್ಲ. ಸುರಪುರ ಸೀಮೆಯ ರಾಜನಕೋಳೂರು ಮೊದಲಾದ ಕಡೆ ಇರುವ, ಜನ ‘ಮೋರ್ಯರ ಮನೆ’ ಎಂದು ಕರೆಯುವ ಕಲ್ಚಪ್ಪಡಿಯ ಪ್ರಾಚೀನ ಸಮಾಧಿಗಳನ್ನು ಅಳೆದು, ಅಗೆದು, ಚಿತ್ರ ಬರೆದು ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟಿಸಿದನು. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದ ಮೊದಲಿಗರಲ್ಲಿ ಅವನೊಬ್ಬ. ಇವೆಲ್ಲವನ್ನೂ ಬದಿಗಿಟ್ಟು ಅವನನ್ನು ಬರಿಯ ಲೂಟಿಕೋರನೆಂದು ಕರೆಯುವುದು ಸತ್ಯಕ್ಕೆ ಮಾಡುವ ಅಪಚಾರವಾದೀತು.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. 1853ರಲ್ಲಿ ವೆಂಕಟಪ್ಪ ನಾಯಕ ವಯಸ್ಸಿಗೆ ಬಂದು ಅಧಿಕಾರ ವಹಿಸಿಕೊಂಡನು. ಅದೇ ವರ್ಷ ಕಂಪನಿಯು ತನ್ನ ಪಡೆಯ ಖರ್ಚಿನ ಬಾಬ್ತು ನಿಜಾಮನಿಂದ ಬೀರಾರ್, ರಾಯಚೂರು ಮತ್ತು ಧಾರಾಶಿವ ಪ್ರಾಂತಗಳನ್ನು ಬರೆಸಿಕೊಂಡಿತು. ಹೊಸ ಪ್ರಾಂತದ ಆಡಳಿತಕ್ಕೆಂದು ಟೇಲರ್ ನಳದುರ್ಗಕ್ಕೆ ಹೊರಟುಹೋದನು. ಹನ್ನೆರಡು ವರ್ಷ ಒಬ್ಬ ಪರಕೀಯನ ಕೈಯಲ್ಲಿದ್ದ ಆಡಳಿತ ದಿಢೀರನೆ ಒಬ್ಬ ತರುಣನ ಕೈಗೆ ಬಂದಿತು. ನಡುವೆ ಆಡಳಿತ ಕಲಿತ, ಜನರ ನಂಬಿಕೆ ಗಳಿಸಿದ ಸ್ಥಳೀಯ ಮಂಡಳಿಯೊಂದು ಬೆಳೆದಿರಲಿಲ್ಲ. ಸಂಸ್ಥಾನ ಮತ್ತೆ ಸಾಲದಲ್ಲಿ ಮುಳುಗಿತು.

1857ರ ಬಂಡಾಯದ ಅಲೆ ಎದ್ದಾಗ ಸುರಪುರವೂ ಕದಲಿತು. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಅಧಿಕಾರಿಯ ಶಿಬಿರದ ಮೇಲೆ ಬೇಡರ ಪಡೆ ರಾತ್ರಿ ದಾಳಿ ಮಾಡಿತು. ಮರುದಿನದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಹೆಚ್ಚಿನ ಸೈನ್ಯ ಬರುವ ಸುದ್ದಿ ತಿಳಿದು ರಾಜನು ಊರು ಬಿಟ್ಟು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಸಿಕ್ಕಿದನು. ಅವನನ್ನು ಕಾಣಲು ಟೇಲರ್ ಸೆರೆಮನೆಗೆ ಹೋದನು. ತನ್ನನ್ನು ಬಂಡಾಯಕ್ಕೆ ಪ್ರೇರೇಪಿಸಿದವರ ಹೆಸರು ಹೇಳಿ ಪ್ರಾಣ ಉಳಿಸಿಕೊಳ್ಳಲು ರಾಜ ಒಪ್ಪಲಿಲ್ಲ. ನೇಣಿಗಿಂತ ಫಿರಂಗಿಯ ಬಾಯಿಗೆ ಕಟ್ಟಿಸಿಕೊಳ್ಳುವುದೇ ಮೇಲೆಂದನು. ಈ ಸಂಗತಿಗಳನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಮರಣದಂಡನೆಯನ್ನು ಇಳಿಸಿ ಕೊನೆಗೆ ನಾಲ್ಕು ವರ್ಷದ ಸೆರೆ ಎಂದು ತೀರ್ಮಾನವಾಯಿತು. ಆದರೆ ಮೇ ತಿಂಗಳಲ್ಲಿ, ಸೆರೆಯ ಸ್ಥಳಕ್ಕೆ ಒಯ್ಯುವ ದಾರಿಯ ಮೊದಲ ತಂಗುದಾಣದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ತಗುಲಿ ರಾಜ ಸತ್ತನು. ತಾನೇ ಗುಂಡು ಹಾರಿಸಿಕೊಂಡನೆಂದು ಸರ್ಕಾರದ ವರದಿ. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸಿನ ಪ್ರಾಯ.

ಟೇಲರನನ್ನು ಮತ್ತೆ ಸುರಪುರಕ್ಕೆ ಕಳುಹಿಸಿದರು. ಈ ಬಾರಿ ರಾಜನ ಪಾಲಕನಾಗಿ ಅಲ್ಲ, ವಶಪಡಿಸಿಕೊಂಡ ನಾಡಿನ ಕಮಿಷನರನಾಗಿ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಬಂಡಾಯದ ಕಾಲದಲ್ಲಿ ತಮ್ಮ ಪಕ್ಷದಲ್ಲಿ ನಿಂತದ್ದಕ್ಕೆ ಅದು ಬಹುಮಾನ. ಒಂದು ಜನಸಮುದಾಯದ ನಾಡು ಉಡುಗೊರೆಯ ತಟ್ಟೆಯಲ್ಲಿ ಇಟ್ಟ ವಸ್ತುವಾಯಿತು. ಟೇಲರ್ ಅದೇ ವರ್ಷ ಸ್ವದೇಶಕ್ಕೆ ಮರಳಿ, ಭಾರತದ ಇತಿಹಾಸವನ್ನು ಕುರಿತ ಕಾದಂಬರಿಗಳನ್ನು ಬರೆದು, 1876ರಲ್ಲಿ ತೀರಿಕೊಂಡನು.

ಈಗ ಕೆಸಾದಾ ಮತ್ತು ಟೇಲರನನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಒಬ್ಬನ ದಾರಿಯಲ್ಲಿ ಬಂದವರು ಸರೋವರದ ಅಂಚು ಸೀಳಿದರು, ಇನ್ನೊಬ್ಬನು ಕೆರೆಯ ಏರಿ ಕಟ್ಟಿಸಿದನು. ಒಬ್ಬನು ಅರಸನನ್ನು ಹಿಂಸಿಸಿ ಚಿನ್ನ ಕೇಳಿದನು, ಇನ್ನೊಬ್ಬನು ಅರಸನ ಮಗನಿಗೆ ಓದು ಕಲಿಸಿದನು. ಈ ಅಂತರ ನಿಜ, ಅದನ್ನು ಅಲ್ಲಗಳೆಯಬಾರದು. ಬೋನಾಳದ ಅಚ್ಚುಕಟ್ಟಿನಲ್ಲಿ ಬೆಳೆ ತೆಗೆದ ರೈತನಿಗೆ ಈ ಅಂತರವೇ ಅನ್ನ.

ಆದರೂ ಇಬ್ಬರ ನಡುವೆ ಒಂದು ಸಮಾನ ಅಂಶವಿದೆ. ಎರಡೂ ಕಡೆ ನೀರಿನ ಬಗ್ಗೆ ತೀರ್ಮಾನ ಮಾಡುವ ಹಕ್ಕು ನೀರಿನ ದಡದಲ್ಲಿ ಬಾಳುವವರ ಕೈಯಲ್ಲಿ ಇರಲಿಲ್ಲ. ಒಳ್ಳೆಯವನು ಬಂದಾಗ ಕೆರೆ ದುರಸ್ತಿಯಾಯಿತು. ಅವನು ಹೋದಾಗ ಅವನ ಕ್ರಮವೂ ಹೋಯಿತು. ಒಳ್ಳೆಯತನವು ವ್ಯಕ್ತಿಯ ಜೊತೆ ಬಂದು ವ್ಯಕ್ತಿಯ ಜೊತೆಗೇ ಹೋಗುತ್ತದೆ. ಹಕ್ಕು ಮಾತ್ರ ಊರಿನಲ್ಲಿ ಉಳಿಯುತ್ತದೆ. ಬೋನಾಳ ಕೆರೆ ಉಳಿದದ್ದು ಟೇಲರನೊಬ್ಬನಿಂದಲೇ ಅಲ್ಲ. ಅವನಿಗಿಂತ ಮೊದಲು ಅದನ್ನು ಕಟ್ಟಿದ ನಾಯಕರಿದ್ದರು, ಮಣ್ಣು ಹೊತ್ತ ಕೂಲಿಗಳಿದ್ದರು, ಅವನ ನಂತರವೂ ಅದರ ನೀರು ಬೇಕಿದ್ದ ಹಳ್ಳಿಗಳಿದ್ದವು.

ಈ ಮಾತು ಮಂಚೇನಹಳ್ಳಿಯ ಸೀಮೆಗೆ ಏಕೆ ಮುಖ್ಯ? ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಮಳೆ ಬಂದಾಗ ಮಾತ್ರ ಹೊಳೆ, ಉಳಿದ ಕಾಲದಲ್ಲಿ ಮರಳು. ಇಲ್ಲಿನ ಪೂರ್ವಿಕರು ಇಳಿಜಾರಿನುದ್ದಕ್ಕೂ ಕೆರೆಯ ಕೆಳಗೆ ಕೆರೆ ಕಟ್ಟಿ, ಮೇಲಿನದರ ಕೋಡಿ ಕೆಳಗಿನದಕ್ಕೆ ಹರಿಯುವಂತೆ ಸರಪಳಿ ಹೆಣೆದರು. ಅದರ ಜೊತೆಗೆ ಒಂದು ವ್ಯವಸ್ಥೆಯನ್ನೂ ಕಟ್ಟಿದರು. ತೂಬು ಎತ್ತುವ, ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿಯಿದ್ದನು. ಕೆರೆಯ ಜೀರ್ಣೋದ್ಧಾರಕ್ಕೆ ಬಿಟ್ಟ ಕಟ್ಟುಕೊಡುಗೆಯ ಜಮೀನಿತ್ತು. ಹೂಳು ಹೊರುವ ಕೆರೆಬಂಡಿಯಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಅಸಮಾನತೆ ಇತ್ತು. ನೀರು ಹಂಚಿದ ನೀರುಗಂಟಿಯ ಸ್ವಂತ ಗದ್ದೆಗೆ ನೀರು ಬರುವುದಿರಲಿ, ಹಲವೆಡೆ ಅವನಿಗೆ ಗದ್ದೆಯೇ ಇರಲಿಲ್ಲ. ಹಳೆಯದನ್ನು ಹಾಗೆಯೇ ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಕೆರೆಯ ಹೊಣೆ ಊರಿನದೆಂಬ ತತ್ವ ಅಲ್ಲಿತ್ತು. ಬರಬರುತ್ತ ಕೆರೆ ಇಲಾಖೆಯ ಆಸ್ತಿಯಾಯಿತು, ಕೊಳವೆಬಾವಿ ಮನೆಮನೆಯ ಆಸ್ತಿಯಾಯಿತು. ನೀರು ಮಾತ್ರ ಸಾವಿರ ಅಡಿಗಿಂತ ಕೆಳಗಿಳಿಯಿತು, ಫ್ಲೋರೈಡ್ ಮೇಲೆ ಬಂದಿತು.

ಈ ಜಿಲ್ಲೆಗೆ ಹೊರಗಿನಿಂದ ನೆರವು ಬರುತ್ತಲೇ ಇದೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಕೆರೆ ಅಭಿವೃದ್ಧಿ ಯೋಜನೆಯು ಬಳಕೆದಾರರ ಸಂಘಗಳನ್ನು ಕಟ್ಟಿತು. ಅನಂತರ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆನೀರನ್ನು ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕೆಂದು ರೈತರು ಕೇಳುತ್ತ ಬಂದಿದ್ದಾರೆ. ನೆರವನ್ನು ಬೇಡವೆನ್ನುವುದು ವಿವೇಕವಲ್ಲ; ಬತ್ತಿದ ಕೆರೆಗೆ ನೀರು ಬೇಕೇ ಬೇಕು. ಆದರೆ ಬರುವ ನೀರಿನಲ್ಲಿ ಏನಿದೆ, ಅದನ್ನು ಪರೀಕ್ಷಿಸುವವರು ಯಾರು, ಫಲಿತಾಂಶವನ್ನು ಊರಿನ ಮುಂದೆ ಓದಿ ಹೇಳುವವರು ಯಾರು ಎಂದು ಕೇಳುವ ಹಕ್ಕನ್ನು ನೆರವಿನ ಜೊತೆಗೆ ಬಿಟ್ಟುಕೊಡಬಾರದು. ಟೇಲರನಂಥ ಒಳ್ಳೆಯ ಅಧಿಕಾರಿ ಸಿಕ್ಕಾಗಲಂತೂ ಈ ಹಕ್ಕನ್ನು ಮರೆಯಲೇಬಾರದು. ಏಕೆಂದರೆ ಕೆಟ್ಟವನ ಎದುರು ಜನ ಎಚ್ಚರವಾಗಿರುತ್ತಾರೆ. ಒಳ್ಳೆಯವನ ನೆರಳಿನಲ್ಲಿ ನಿದ್ದೆ ಹೋಗುತ್ತಾರೆ.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸವಿದೆ. ತಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿ, ಅದಕ್ಕೆ ನೀರು ತರುವ ಕಾಲುವೆಗಳ ನಕ್ಷೆ ಬರೆಯುವುದು. ಯಾವ ಕಾಲುವೆ ಎಲ್ಲಿ ಒತ್ತುವರಿಯಾಗಿದೆಯೆಂದು ಗುರುತಿಸುವುದು. ಹಿಂದೆ ನೀರುಗಂಟಿಯಾಗಿದ್ದ ಮನೆತನದ ಹಿರಿಯರ ಬಳಿ ಕುಳಿತು, ಬರಗಾಲದಲ್ಲಿ ನೀರನ್ನು ಹೇಗೆ ಹಂಚುತ್ತಿದ್ದರೆಂದು ಕೇಳಿ ಬರೆದಿಡುವುದು. ಆ ನಕ್ಷೆ ಮತ್ತು ಆ ಬರಹ ಗ್ರಾಮಸಭೆಯ ಮುಂದೆ ಬಂದ ದಿನ, ಕೆರೆಯ ಬಗ್ಗೆ ಮಾತಾಡುವ ಅಧಿಕಾರ ಒಂದಿಷ್ಟಾದರೂ ಊರಿಗೆ ಮರಳಿದಂತಾಗುತ್ತದೆ. ಸುರಪುರದ ಕೆರೆಗಳ ಲೆಕ್ಕವನ್ನು ಟೇಲರ್ ಬರೆದನು. ಮಂಚೇನಹಳ್ಳಿಯ ಕೆರೆಗಳ ಲೆಕ್ಕವನ್ನು ಮಂಚೇನಹಳ್ಳಿಯ ಮಕ್ಕಳೇ ಬರೆಯಲಿ.